ಹಲವು ಕೈ ದಾಟಿದ ನಾದ

ಮುಂಬೈ ಬಳಿಯ ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿಯ ಗಣೇಶೋತ್ಸವದ ಮೆರವಣಿಗೆಗಳಲ್ಲಿ ಮೊಳಗುವ ಆಕ್ಟಾಪ್ಯಾಡ್, ಕೀಬೋರ್ಡ್‌ಗಳು ಹಲವು ಕೈ ದಾಟಿ ಬಂದಿದ್ದರೂ ಕಳಪೆಯೆನಿಸಬೇಕಿಲ್ಲ. ಇದಕ್ಕೆ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಸಿಂಥಸೈಜರ್ ಸಾಕ್ಷಿ. ಬೇಸ್ ಗಿಟಾರಿನ ಬದಲಿಗೆಂದು 1981ರಲ್ಲಿ ಬಂದ ಅದು ಸರಿಯಾಗಿ ಮಾರಾಟವಾಗದೆ 1984ರಲ್ಲಿ ನಿಂತಿತು. ಮುಂಬೈಯ ಸಂಗೀತಗಾರ ಚರಣಜಿತ್ ಸಿಂಗ್ 1982ರಲ್ಲೇ ಅದನ್ನು ರಾಗಗಳಿಗೆ ಬಳಸಿದ್ದರು. ಮುಂದೆ ಅದು ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಸಿಕ್ಕಾಗ ಶಿಕಾಗೋದ ಯುವಕರು ಅದರಿಂದಲೇ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಕಟ್ಟಿದರು. ಬೆಲೆ ಇಳಿದದ್ದೇ ಪ್ರಯೋಗಕ್ಕೆ ಧೈರ್ಯ ಕೊಟ್ಟಿತು.

ಮೊಬೈಲ್ ಆ್ಯಪ್ ಈ ನಾದಗಳನ್ನೆಲ್ಲ ಪುಕ್ಕಟೆ ಕೊಡುತ್ತದಲ್ಲ ಎನ್ನಬಹುದು. ನಾದವೇನೋ ಸಿಕ್ಕೀತು, ಆದರೆ ಪ್ಯಾಡಿನ ಮೇಲೆ ಬೀಳುವ ಕೋಲಿನ ಏಟಿನ ಹದ ಗಾಜಿನ ಪರದೆಗೆ ತಿಳಿಯದು. ಹಳೆಯ ಯಂತ್ರ ಕೆಟ್ಟರೆ ಗತಿಯೇನು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ಧೂಳು ಹಿಡಿದು ಕರಕರ ಎನ್ನುವ ನಾಬ್, ಬಿಟ್ಟುಹೋದ ಬೆಸುಗೆ, ಸತ್ತ ಮೆಮೊರಿ ಬ್ಯಾಟರಿಯಂಥ ಸಾಮಾನ್ಯ ದೋಷಗಳನ್ನು ಬಲ್ಲ ಮೆಕ್ಯಾನಿಕ್ ಸರಿಪಡಿಸಬಲ್ಲ. ಕೊಳ್ಳುವಾಗ ಪ್ರತಿಯೊಂದು ಕೀ ಒತ್ತಿ, ಅಡಾಪ್ಟರಿನ ವೋಲ್ಟೇಜ್ ನೋಡಬೇಕು. ಜಪಾನಿನ 100 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟೀತು. 1983ರಲ್ಲಿ ಬಂದ ಮಿಡಿ ಸಂಪರ್ಕವಿದ್ದರೆ ಬೇರೆಬೇರೆ ಕಂಪನಿಗಳ ಯಂತ್ರಗಳು ಇಂದಿಗೂ ಒಂದೇ ಲಯಕ್ಕೆ ಬರುತ್ತವೆ. ಹೀಗಿರುವಾಗ ಹಳೆಯದೆಂಬ ಒಂದೇ ಕಾರಣಕ್ಕೆ ಅವನ್ನು ಗುಜರಿಗೆ ಹಾಕುವುದು ದಡ್ಡತನ.