ದಣಿದ ವೈದ್ಯರಿಗೆ ಅಣಬೆಯ ಮದ್ದು

2024ರ ಡಿಸೆಂಬರ್‌ನಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪತ್ರಿಕೆಯಲ್ಲಿ ಬಂದ ಪ್ರಯೋಗ ತೀರಾ ಚಿಕ್ಕದು. ಔಷಧಿ ತೆಗೆದುಕೊಂಡವರು ಬರೀ 30 ಜನ. ಆದರೆ ಅವರು ಯಾರು ಎಂಬುದು ಓದುಗರನ್ನು ಹಿಡಿದು ನಿಲ್ಲಿಸುತ್ತದೆ. ಎಲ್ಲರೂ ಕೋವಿಡ್ ಕಾಲದಲ್ಲಿ ರೋಗಿಗಳ ಮಗ್ಗುಲಲ್ಲೇ ನಿಂತು ದುಡಿದ ಅಮೆರಿಕದ ವೈದ್ಯರು, ನರ್ಸ್‌ಗಳು ಮತ್ತವರ ಸಹೋದ್ಯೋಗಿಗಳು. ಪ್ರಯೋಗ ನಡೆಸಿದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಂಥನಿ ಬ್ಯಾಕ್ ತಂಡ. ಬ್ಯಾಕ್ ಉಪಶಾಮಕ ಆರೈಕೆಯ ವೈದ್ಯ. ಸಾವಿನಂಚಿನ ರೋಗಿಗಳೊಡನೆ ಹೇಗೆ ಮಾತಾಡಬೇಕೆಂದು ಇತರ ವೈದ್ಯರಿಗೆ ಕಲಿಸಿಕೊಟ್ಟವರು.

ಅರ್ಧದಷ್ಟು ಜನರಿಗೆ ಅಣಬೆಯಲ್ಲಿರುವ ಸೈಲೋಸಿಬಿನ್, 25 ಮಿಲಿಗ್ರಾಂ. ಉಳಿದರ್ಧಕ್ಕೆ ನಯಾಸಿನ್ ಎಂಬ ವಿಟಮಿನ್. ಔಷಧಿ ಒಂದೇ ಬಾರಿ, ಅದರ ಹಿಂದೆ ಮುಂದೆ ಮಾತುಕತೆಯ ಹಲವು ಬೈಠಕ್. 28ನೇ ದಿನಕ್ಕೆ ಖಿನ್ನತೆಯ ಅಂಕ ಸೈಲೋಸಿಬಿನ್ ಗುಂಪಿನಲ್ಲಿ ಸರಾಸರಿ 21.33ರಷ್ಟು ಇಳಿದಿತ್ತು, ನಯಾಸಿನ್ ಗುಂಪಿನಲ್ಲಿ 9.33. ಅರವತ್ತರ ಅಳತೆಪಟ್ಟಿಯಲ್ಲಿ ಇದು ದೊಡ್ಡ ಇಳಿಕೆ. ಆ ಜನರಿಗೆ ಸಿಕ್ಕ ನೆಮ್ಮದಿಯನ್ನು ಅಲ್ಲಗಳೆಯುವ ಇರಾದೆ ನನಗಿಲ್ಲ.

ತಕರಾರು ಬೇರೆ ಕಡೆ ಇದೆ. ನಯಾಸಿನ್ ರಕ್ತನಾಳಗಳನ್ನು ಹಿಗ್ಗಿಸಿ ಮುಖ ಕೆಂಪೇರಿಸುತ್ತದೆ, ಮೈ ಬಿಸಿ ಮಾಡುತ್ತದೆ. ‘ಏನೋ ಆಗುತ್ತಿದೆ’ ಅನ್ನಿಸಲಿ ಎಂದೇ ಅದನ್ನು ಆರಿಸುವುದು. ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕಿವಿಗೆ ಸಂಗೀತ ಹಚ್ಚಿಕೊಂಡು ಗಂಟೆಗಟ್ಟಲೆ ಮಲಗಿದ ನರ್ಸ್ ಒಬ್ಬಳಿಗೆ, ಕೆನ್ನೆ ಬೆಚ್ಚಗಾಗಿ ಅಷ್ಟಕ್ಕೇ ನಿಂತರೆ, ತನಗೆ ಸಿಕ್ಕಿದ್ದು ಯಾವುದೆಂದು ಊಹಿಸಲು ಎಷ್ಟು ಹೊತ್ತು ಬೇಕು? ಔಷಧಗಳ ಬಗ್ಗೆ ನಿತ್ಯ ಓದುವವರ ಮೇಲೆ ಈ ಗುಟ್ಟು ನಿಲ್ಲದು. ಅಷ್ಟಾಗಿಯೂ ನಯಾಸಿನ್ ಗುಂಪಿನ ಅಂಕ ಒಂಬತ್ತರಷ್ಟು ಇಳಿದಿದೆಯಲ್ಲ! ಪೇಜರ್ ಕಿರಿಕಿರಿಯಿಲ್ಲದೆ ಒಬ್ಬರು ಕೂತು ತಮ್ಮ ಮಾತನ್ನು ಕೇಳಿಸಿಕೊಂಡದ್ದೂ ಅವರಲ್ಲಿ ಕೆಲವರಿಗೆ ಮದ್ದಾಗಿರಬಹುದು.

ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎರಡು ಸಂಗತಿ. ಒಂದು, ಯಾರನ್ನು ಸೇರಿಸಿಕೊಂಡರು ಎಂಬುದು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ, ಮಹಾಮಾರಿಗೆ ಮೊದಲು ಮನೋರೋಗದ ನಿದಾನವೇ ಇಲ್ಲದವರನ್ನು ಹೆಕ್ಕಿದ್ದಾರೆ. ಅಂದರೆ ಇವರು ನೆಟ್ಟಗೆ ವಾರ್ಡಿಗೆ ಹೋದವರು, ಅಲ್ಲಿ ಕುಸಿದವರು. ಇನ್ನೊಂದು, ಖಿನ್ನತೆ ಅಷ್ಟು ಇಳಿದರೂ, ಕೆಲಸದಿಂದ ಬಂದ ಬಳಲಿಕೆಯಲ್ಲಿ, ವೈದ್ಯರೇ ಬರ್ನ್‌ಔಟ್ ಎನ್ನುವುದರಲ್ಲಿ, ಎರಡು ಗುಂಪುಗಳ ನಡುವಿನ ವ್ಯತ್ಯಾಸ ಅಂಕಿ-ಅಂಶದ ಕಟ್ಟುನಿಟ್ಟಿಗೆ ನಿಲ್ಲಲಿಲ್ಲ. ಗುಂಪು ಚಿಕ್ಕದಾದ್ದರಿಂದ ಹೀಗಾಯಿತು ಎನ್ನಬಹುದು, ಅದು ನ್ಯಾಯವೂ ಹೌದು. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಕೆಲಸ ತಂದ ಕಾಯಿಲೆಗೆ ಕೆಲಸಗಾರನ ತಲೆಯೊಳಗೆ ಮದ್ದು ಹುಡುಕಲಾಗಿದೆ. 2018ರಲ್ಲೇ ವೆಂಡಿ ಡೀನ್ ಮತ್ತು ಸೈಮನ್ ಟಾಲ್ಬಟ್ ಎಂಬ ವೈದ್ಯರು ಇದನ್ನು ಬಳಲಿಕೆ ಎನ್ನುವುದೇ ತಪ್ಪು, ರೋಗಿಗೆ ಬೇಕಾದದ್ದನ್ನು ಮಾಡಲು ವ್ಯವಸ್ಥೆ ಬಿಡದಾಗ ಆಗುವ ನೈತಿಕ ಗಾಯ ಇದು ಎಂದು ವಾದಿಸಿದ್ದರು. ಆ ಮಾತು ಮೊದಲು ಹುಟ್ಟಿದ್ದು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ವಿಚಾರದಲ್ಲಿ. ಸೋರುವ ಸೂರಿನಡಿ ಮಲಗಿದವನಿಗೆ ಒಣ ಕಂಬಳಿ ಹೊದೆಸುವುದು ದಯೆಯೇ, ಬೇಡ ಎನ್ನಲಾಗದು. ಕಂಬಳಿ ಕೊಟ್ಟ ಆಡಳಿತ ಮಂಡಳಿ ಸೂರಿನ ಲೆಕ್ಕವನ್ನು ಮುಚ್ಚಿಬಿಟ್ಟರೆ ಗತಿ ಏನು ಎಂಬುದು ನನ್ನ ಆತಂಕ.

ಒಪ್ಪಿಗೆಯ ಪ್ರಶ್ನೆ ಇನ್ನೂ ತೊಡಕಿನದು. ಆರೇಳು ಗಂಟೆ ಮನಸ್ಸಿನ ಕದಗಳೆಲ್ಲ ತೆರೆದಿರುವಾಗ ಮನುಷ್ಯ ಪಕ್ಕದವರನ್ನು ಪೂರ್ತಿ ನಂಬಬೇಕಾಗುತ್ತದೆ. ವ್ಯಾಂಕೂವರ್‌ನಲ್ಲಿ, ಮನಸ್ಸನ್ನು ಹೀಗೇ ತೆರೆಸುವ ಎಂಡಿಎಂಎ ಎಂಬ ಇನ್ನೊಂದು ಔಷಧದ ಪ್ರಯೋಗದಲ್ಲಿ ಚಿಕಿತ್ಸಕರು ರೋಗಿಯೊಬ್ಬಳನ್ನು ಅಪ್ಪಿ ಮಲಗಿದ್ದು, ಹಿಡಿದೊತ್ತಿದ್ದು ವಿಡಿಯೊದಲ್ಲೇ ದಾಖಲಾಗಿದೆ. ಇಂಥ ನಡೆಯ ಹಿನ್ನೆಲೆಯಲ್ಲಿ 2024ರ ಆಗಸ್ಟ್‌ನಲ್ಲಿ ‘ಸೈಕೋಫಾರ್ಮಕಾಲಜಿ’ ಪತ್ರಿಕೆ ಎಂಡಿಎಂಎ ಕುರಿತ ಮೂರು ಪ್ರಬಂಧಗಳನ್ನು ಹಿಂಪಡೆಯಿತು. ಅದೇ ತಿಂಗಳು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಂಡಿಎಂಎ ಚಿಕಿತ್ಸೆಗೆ ಅನುಮತಿ ನಿರಾಕರಿಸಿತು. ಸಿಯಾಟಲ್ ಪ್ರಯೋಗಕ್ಕೂ ಈ ಹಗರಣಕ್ಕೂ ನಂಟಿಲ್ಲ. ಆದರೆ ವೈದ್ಯರಿಗೇ ವೈದ್ಯರು ಸೈಲೋಸಿಬಿನ್ ಕೊಡತೊಡಗಿದರೆ, ಇಂದು ಪಕ್ಕದಲ್ಲಿ ಕೂತು ಅಳು ಕೇಳಿದವನು ನಾಳೆ ಬಡ್ತಿಯ ಸಮಿತಿಯಲ್ಲೂ ಕೂತಿರಬಹುದು. ಸಣ್ಣ ಊರಿನ ಆಸ್ಪತ್ರೆಯಲ್ಲಿ ಇದನ್ನು ತಪ್ಪಿಸುವುದು ಹೇಗೆ?

ಲೈಸೆನ್ಸ್ ಭಯವೂ ಇದೆ. ನ್ಯೂಯಾರ್ಕಿನ ತುರ್ತು ಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ 2020ರ ಏಪ್ರಿಲ್‌ನಲ್ಲಿ ಪ್ರಾಣ ಕಳೆದುಕೊಂಡರು. ಮಾನಸಿಕ ಚಿಕಿತ್ಸೆ ಪಡೆದದ್ದು ತಿಳಿದರೆ ವೃತ್ತಿಯೇ ಹೋದೀತೆಂಬ ಅಂಜಿಕೆ ಅವರಿಗಿತ್ತು ಎಂದು ಮನೆಯವರು ಹೇಳಿದ್ದಾರೆ. ಆರೋಗ್ಯ ಸಿಬ್ಬಂದಿಯ ಮನಸ್ಸಿನ ಆರೈಕೆಗೆಂದು 2022ರಲ್ಲಿ ಬಂದ ಕಾನೂನಿಗೆ ಅವರದೇ ಹೆಸರು. ಮಾಮೂಲಿ ಖಿನ್ನತೆಯ ಮಾತ್ರೆಗೇ ಹೀಗಿರುವಾಗ, ಆ ದೇಶದ ಒಕ್ಕೂಟ ಕಾನೂನು ಈಗಲೂ ನಿಷಿದ್ಧ ಪಟ್ಟಿಯ ಮೊದಲ ದರ್ಜೆಯಲ್ಲಿಟ್ಟಿರುವ ವಸ್ತುವಿನ ಕಡತ ಯಾರ ಕಪಾಟಿನಲ್ಲಿರಬೇಕು? ಉದ್ಯೋಗದಾತರ ಬಳಿಯಂತೂ ಬೇಡ. ಯಾರು ಹೋದರು, ಎಷ್ಟು ಸಲ ಹೋದರು, ಯಾರು ಬೇಡವೆಂದರು, ಇದ್ಯಾವುದೂ ಆಸ್ಪತ್ರೆಗೆ ತಿಳಿಯಬಾರದು. ಚಿಕಿತ್ಸೆ ಮುಗಿಸಿದ ನರ್ಸ್ ಮರಳುವುದು ಅದೇ ಪಾಳಿಗೋ, ಒಬ್ಬಳೇ ನೋಡಿಕೊಳ್ಳಬೇಕಾದ ಅಷ್ಟೇ ರೋಗಿಗಳ ನಡುವೆಯೋ ಎಂಬುದನ್ನು ಮಾತ್ರ ಮುಂದಿನ ಪ್ರಯೋಗ ಖಿನ್ನತೆಯ ಅಂಕದ ಪಕ್ಕದಲ್ಲೇ ಬರೆದಿಡಲಿ. 28ನೇ ದಿನದ ಅಂಕವೊಂದೇ ಇದನ್ನು ಹೇಳಲಾರದು.