ಹಿರಿಯ ಸ್ತ್ರೀಪಾತ್ರ ಮತ್ತು ನಿರ್ದೇಶಕನ ಹೊಣೆ

ಭರತಮುನಿಯ ನಾಟ್ಯಶಾಸ್ತ್ರವು ನಟನಿಗೂ ಪಾತ್ರಕ್ಕೂ ಇರುವ ಸಂಬಂಧವನ್ನು ಮೂರು ಬಗೆಯಾಗಿ ಹೇಳುತ್ತದೆ. ತನ್ನ ವಯೋಧರ್ಮಕ್ಕೆ ಒಪ್ಪುವ ಪಾತ್ರವನ್ನು ವಹಿಸುವುದು ಅನುರೂಪ. ಎಳೆಯರು ಮುದುಕರಾಗಿ, ಮುದುಕರು ಎಳೆಯರಾಗಿ ಬರುವುದು ವಿರೂಪ. ಪುರುಷನು ಸ್ತ್ರೀಯಾಗಿ, ಸ್ತ್ರೀಯು ಪುರುಷನಾಗಿ ಅಭಿನಯಿಸುವುದು ಮೂರನೆಯದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮೊದಲಾದ ಕಂಪನಿಗಳು ಈ ಮೂರನೆಯ ಬಗೆಯಿಂದಲೇ ಆರಂಭಗೊಂಡವು. ಸ್ತ್ರೀಯರು ರಂಗವೇರಿದ್ದು ಅನಂತರ. ಆದರೆ ಹಿರಿಯ ಸ್ತ್ರೀಯೇ ಹಿರಿಯ ಸ್ತ್ರೀಯಾಗಿ, ಅದೂ ನಾಟಕದ ನಾಯಿಕೆಯಾಗಿ ನಿಲ್ಲುವ ಅನುರೂಪವು ನಮ್ಮಲ್ಲಿ ಇಂದಿಗೂ ವಿರಳ.

ನಮ್ಮ ಸೀಮೆಯ ನಟಿಯೊಬ್ಬರ ರಂಗಜೀವನ ಇದಕ್ಕೆ ನಿದರ್ಶನ. ಉಮಾಶ್ರೀಯವರು 1957ರಲ್ಲಿ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಜನಿಸಿದವರು. ಅವರಿಗೆ ಕೀರ್ತಿ ತಂದ ಪಾತ್ರ ‘ಒಡಲಾಳ’ದ ಸಾಕವ್ವ. ದೇವನೂರ ಮಹಾದೇವರ ಕಥೆಯನ್ನು ರಂಗಕ್ಕೆ ತಂದವರು ನಿರ್ದೇಶಕ ಸಿ.ಜಿ. ಕೃಷ್ಣಸ್ವಾಮಿಯವರು. ಕಳೆದುಹೋದ ಹುಂಜವನ್ನು ಹುಡುಕುವ ಆ ಮುದುಕಿಯೇ ಕಥೆಯ ನಡುಗಂಬ. ಮಕ್ಕಳು, ಮೊಮ್ಮಕ್ಕಳು, ಕದ್ದ ಕಡಲೆಕಾಯಿ, ಬಾಗಿಲಿಗೆ ಬರುವ ಪೊಲೀಸರು, ಎಲ್ಲವೂ ಅವಳ ಸುತ್ತ ತಿರುಗುತ್ತವೆ. ಅಂದು ಇನ್ನೂ ಯುವತಿಯಾಗಿದ್ದ ನಟಿ ಆ ವೃದ್ಧೆಯಾದರು. ಇಂಥ ಪಾತ್ರವು ಬಿಳಿಯ ಕೂದಲಿನಿಂದಲೂ ಬಾಗಿದ ಬೆನ್ನಿನಿಂದಲೂ ಸಿದ್ಧಿಸುವುದಲ್ಲ. ಆಹಾರ್ಯವು ಮುಪ್ಪನ್ನು ತೋರಿಸಬಲ್ಲದು. ಹಸಿದ ಮನೆಯ ಯಜಮಾನಿಕೆಯನ್ನು ತೋರಿಸಬಲ್ಲುದು ಸಾತ್ತ್ವಿಕವೊಂದೇ.

ಅರುವತ್ತು ದಾಟಿದ ಮೇಲೆ ಅದೇ ನಟಿ ಬೇಲೂರು ರಘುನಂದನರು ರಚಿಸಿ, ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕದಲ್ಲಿ ರಾಜಪುತ್ರಿಯಾದರು. ಇಲ್ಲಿ ವಿರೂಪವು ತಿರುಗುಮುರುಗಾಗಿದೆ. ಈ ಆಯ್ಕೆಯಲ್ಲಿ ಆಳವಾದ ಔಚಿತ್ಯವಿದೆ. ಯಯಾತಿಯ ಕಥೆಯೇ ಮುಪ್ಪಿನ ಕಥೆ. ಅರಸನು ತನ್ನ ಜರೆಯನ್ನು ಮಗನಾದ ಪೂರುವಿಗೆ ಕೊಟ್ಟು ಯೌವನವನ್ನು ಕೊಳ್ಳುತ್ತಾನೆ. ಆದರೆ ಆ ಮಗನನ್ನು ಹೆತ್ತ ಶರ್ಮಿಷ್ಠೆಯ ಮುಪ್ಪನ್ನು ಯಾರು ಕೇಳಿದರು? ದಾಸಿಯಾಗಿ ಸವೆದ ಅವಳ ವರ್ಷಗಳಿಗೆ ವಿನಿಮಯವಿಲ್ಲ. ಬಾಳನ್ನು ಕಂಡ ನಟಿಯೊಬ್ಬರು ಅವಳ ಬಾಯಾದಾಗ, ಪುರಾಣವು ಬಿಟ್ಟ ಆ ಪ್ರಶ್ನೆ ಪ್ರೇಕ್ಷಕನ ಮುಂದೆ ತಾನಾಗಿಯೇ ನಿಲ್ಲುತ್ತದೆ. ನಟಿಯ ವಯಸ್ಸೇ ಇಲ್ಲಿ ಅರ್ಥವಾಗುತ್ತದೆ.

ಇನ್ನು ನಮ್ಮ ಹಳ್ಳಿಗಳ ಕಡೆಗೆ ನೋಡೋಣ. ಕಂದಿಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಸುತ್ತಿನ ಊರುಗಳಲ್ಲಿ ಪೌರಾಣಿಕ ನಾಟಕವಾಡುವ ತಂಡಗಳು ದ್ರೌಪದಿ, ರುಕ್ಮಿಣಿಯರ ಪಾತ್ರಕ್ಕೆ ಸಂಭಾವನೆ ಗೊತ್ತುಮಾಡಿ ವೃತ್ತಿನಟಿಯರನ್ನು ಕರೆಸುತ್ತವೆ. ವಯಸ್ಸು ಸಂದಂತೆ ಆ ನಟಿ ಕುಂತಿಯಾಗುತ್ತಾಳೆ. ಕರ್ಣನ ಮುಂದೆ ಅತ್ತು ಒಳಗೆ ಹೋಗುತ್ತಾಳೆ. ಮುಂದೆ ಆ ಕರೆಯೂ ನಿಲ್ಲುತ್ತದೆ. ಕಲೆ ಪಕ್ವವಾಗುವ ಹೊತ್ತಿಗೆ ಕಲಾವಿದೆಯ ಅನ್ನವೇ ತಪ್ಪುವುದು ನ್ಯಾಯವೇ? ತೆಂಗಿನ ಸೀಮೆಯವರಿಗೆ ಹೆಚ್ಚು ಹೇಳಬೇಕಿಲ್ಲ. ಎಳನೀರಿನ ರುಚಿಯನ್ನಷ್ಟೇ ಬಲ್ಲವನು, ಅಟ್ಟದಲ್ಲಿ ತಿಂಗಳುಗಟ್ಟಲೆ ಕಾದು ಆಗುವ ಕೊಬ್ಬರಿಯ ಬೆಲೆಯನ್ನು ಅರಿಯನು.

ಆದುದರಿಂದ ನಿರ್ದೇಶಕನು ಮೊದಲು ಮಾಡಬೇಕಾದುದು ಕೃತಿಯ ಆಯ್ಕೆ. ಹಿರಿಯಳ ನಿರ್ಧಾರದಿಂದ ಕಥೆ ನಡೆಯುವಂತಿರಬೇಕು. ಅವಳು ಬರಿಯ ಕಣ್ಣೀರಿನ ನಿಮಿತ್ತವಾಗಬಾರದು. ಎರಡನೆಯದು ತಾಲೀಮು. ನಿಜವಾಗಿ ವಯಸ್ಸಾದವರಿಗೆ ವಯಸ್ಸನ್ನು ಅಭಿನಯಿಸಲು ಹೇಳಬಾರದು. ಧ್ವನಿ ನಡುಗಿಸುವ, ಕೋಲು ಊರುವ ಹಳೆಯ ರೂಢಿಯನ್ನು ಬಿಡಿಸಬೇಕು. ಅವರ ಉಸಿರಿಗೆ ತಕ್ಕಂತೆ ಮಾತನ್ನು ಹಂಚಿ, ಮೌನಕ್ಕೆ ಎಡೆಗೊಡಬೇಕು. ಮಾತಿನ ನಡುವೆ ಅವರು ನಿಂತರೆ ಅದು ಮರೆವೆಂದು ಅವಸರಪಡುವ ನಿರ್ದೇಶಕನು, ಪಾತ್ರವು ಆಲೋಚಿಸುವ ಆ ಕ್ಷಣವನ್ನೇ ಕಳೆದುಕೊಳ್ಳುತ್ತಾನೆ.

ಸಾಕವ್ವನೂ ಶರ್ಮಿಷ್ಠೆಯೂ ವಿರೂಪದಿಂದಲೇ ದಾರಿ ತೋರಿದ್ದಾರೆ. ಅನುರೂಪಕ್ಕೆ ರಂಗವನ್ನು ತೆರೆಯುವುದು ಇನ್ನು ನಮ್ಮ ನಾಟಕಕಾರರಿಗೂ ನಿರ್ದೇಶಕರಿಗೂ ಸೇರಿದ ಕರ್ತವ್ಯ.