ಟ್ರಂಪ್ ಬಗ್ಗೆ ಬರೆದವರ ಊರು ಯಾವುದು? ಅಂಕಣ ರಸಿಕರಿಗೊಂದು ಕೈಪಿಡಿ

ಸರಗೂರಿನ ಬಸ್ ಸ್ಟ್ಯಾಂಡ್ ಸುತ್ತಲಿನ ಯಾವ ಟೀ ಅಂಗಡಿಗೆ ಹೋದರೂ ಬೆಳಿಗ್ಗೆ ಎಂಟರ ಹೊತ್ತಿಗೆ ಪೇಪರು ಹಾಳೆ ಹಾಳೆಯಾಗಿ ಹಂಚಿಹೋಗಿರುತ್ತದೆ. ಮೊದಲ ಪುಟ ಒಬ್ಬರ ಕೈಲಿ, ಕ್ರಿಕೆಟ್ಟು ಇನ್ನೊಬ್ಬರ ಕೈಲಿ. ಎಚ್.ಡಿ. ಕೋಟೆ, ಹುಣಸೂರಿನ ಸುದ್ದಿಯ ಪುಟಕ್ಕೆ ಇಬ್ಬರು ಕಾಯುತ್ತಿರುತ್ತಾರೆ. ಯಾರಿಗೂ ಬೇಡದೆ ಬೆಂಚಿನ ಮೇಲೆ ಉಳಿಯುವುದು ನಡುವಿನ ಹಾಳೆ: ಸಂಪಾದಕೀಯ, ಓದುಗರ ಪತ್ರ, ಅಂಕಣ. ಹೊಸದಾಗಿ ಅಂಕಣದ ರುಚಿ ಹಿಡಿಯಲು ಹೊರಟವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? ಯಾರೂ ಕೇಳುವುದಿಲ್ಲ, ಎತ್ತಿಕೊಳ್ಳಿ.

ಪೇಪರಿನಲ್ಲಿ ಬರುವ ಅಭಿಪ್ರಾಯದ ಬರಹಕ್ಕೂ ರಸಿಕತೆಗೂ ಎಲ್ಲಿಯ ನಂಟು ಎಂದು ಹುಬ್ಬೇರಿಸುವವರಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೇಷ್ಟರಾಗಿದ್ದ ಹಾ.ಮಾ. ನಾಯಕರ ‘ಸಂಪ್ರತಿ’ ಅಂಕಣ ಬರಹಗಳ ಸಂಗ್ರಹ. ಅದಕ್ಕೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ, ಕಾವ್ಯ, ಕಾದಂಬರಿಗಳ ಸಾಲಿನಲ್ಲಿ ಅಂಕಣಕ್ಕೂ ಮಣೆ ಹಾಕಿದ್ದಾಯಿತು. ಅದರಾಚೆಗೆ ವಾದ ಬೆಳೆಸುವುದು ಬೇಡ.

ಮೊದಲು ಹಿಡಿದುಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಬರೆದವರು ಎಲ್ಲಿ ನಿಂತು ನೋಡುತ್ತಿದ್ದಾರೆ? ಅವರ ತೀರ್ಮಾನ ನಿಮಗೆ ಹಿಡಿಸಿತೋ ಇಲ್ಲವೋ ಅದು ಆಮೇಲಿನ ಮಾತು. ಅಮೆರಿಕದ ಬಗ್ಗೆ ಬರೆದ ಅಂಕಣಗಳಲ್ಲಿ ಇದನ್ನು ಕಲಿಯುವುದು ಸುಲಭ, ಏಕೆಂದರೆ ಅಲ್ಲಿ ನಿಂತ ಜಾಗಕ್ಕೂ ನೋಡುವ ಜಾಗಕ್ಕೂ ನಡುವೆ ಸಮುದ್ರವೇ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋಗಿ ಬರೆದ ಪುಸ್ತಕದ ಹೆಸರೇ ‘ಅಮೆರಿಕದಲ್ಲಿ ಗೊರೂರು’. 1980ರಲ್ಲಿ ಅದಕ್ಕೂ ಅಕಾಡೆಮಿ ಪ್ರಶಸ್ತಿ ಬಂತು. ಹಾಸನ ಜಿಲ್ಲೆಯ ಆ ಹಳ್ಳಿಯನ್ನು ಜೊತೆಯಲ್ಲೇ ಕಟ್ಟಿಕೊಂಡು ಹೋಗಿದ್ದರಿಂದಲೇ ಅವರ ಕಣ್ಣಿಗೆ ಬಿದ್ದ ಅಮೆರಿಕ ಬೇರೆಯವರ ಕಣ್ಣಿಗೆ ಬೀಳಲಿಲ್ಲ.

2025ರ ಆಗಸ್ಟಿನಲ್ಲಿ ಟ್ರಂಪ್ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದರು. ಮರು ತಿಂಗಳೇ ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದರು. ಕನ್ನಡ ಪತ್ರಿಕೆಗಳಲ್ಲಿ ಅಂಕಣಗಳ ಮಳೆಯೇ ಸುರಿಯಿತು. ಅವುಗಳಲ್ಲಿ ಬಹುಪಾಲನ್ನು ದೆಹಲಿಯಲ್ಲಿ ಕೂತೂ ಬರೆಯಬಹುದಿತ್ತು, ಲಂಡನ್ನಿನಲ್ಲಿ ಕೂತೂ ಬರೆಯಬಹುದಿತ್ತು. ಈ ಕಡೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯೆಂದರೆ ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ಬೇಲು ಇಟ್ಟು ಕೂತ ಹಿರಿಯರು ಕೇಳುವ ಪ್ರಶ್ನೆ ಹೀಗಿರುತ್ತದೆ: “ಅಲ್ಲ ಕನ ಮೊಗಾ, ಆ ಟ್ರಂಪು ಸುಂಕ ಹಾಕುದ್ರ ನಮ್ ಸೊಪ್ಪಿನ ರೇಟು ಬಿದ್ದೋಯ್ತದಾ?” ಇದಕ್ಕೆ ಉತ್ತರ ಹೇಳದಿದ್ದರೂ ಚಿಂತೆಯಿಲ್ಲ. ಇಂಥದೊಂದು ಪ್ರಶ್ನೆ ಇದೆ ಎಂಬುದು ಬರೆದವರಿಗೆ ಗೊತ್ತಿದೆಯೇ ಎಂದು ನೋಡಿ. ಗೊತ್ತಿದ್ದರೆ ಎಲ್ಲೋ ಒಂದು ಸಾಲಿನಲ್ಲಿ ಅದರ ಗುರುತು ಸಿಗುತ್ತದೆ. ಗೊತ್ತಿಲ್ಲದವರ ಅಂಕಣ ತಿದ್ದಿ ತೀಡಿದ ಏಜೆನ್ಸಿ ಸುದ್ದಿ.

ಎರಡನೆಯದು ದಾಟುವ ಕಲೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಅಂಕಣದ ನಿಜವಾದ ಕಸುಬು ಇರುವುದೇ ಇಲ್ಲಿ.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಮಿಕ್ಕಿ ಮಂಡಿಯೂರಿ ಕೊಂದ. ಲಾಕ್‌ಡೌನ್ ಕಾಲ, ಎಲ್ಲರ ಕೈಲೂ ಫೋನು, ಎಲ್ಲರೂ ನೋಡಿದರು, ಎಲ್ಲರೂ ಬರೆದರು. ದೂರದ ಅನ್ಯಾಯಕ್ಕೆ ಸಿಟ್ಟಾಗಲು ಖರ್ಚಿಲ್ಲ. ಅದೇ ಅಂಕಣಕಾರರು 2022ರ ಅಕ್ಟೋಬರಿನಲ್ಲಿ ಏನು ಬರೆದರು ಎಂದು ಹುಡುಕಿ ನೋಡಿ. ಆ ತಿಂಗಳು ಇದೇ ಕೋಟೆ ಕಡೆಯ ಹಾಡಿಯೊಂದರ ಆದಿವಾಸಿ ಅರಣ್ಯ ಇಲಾಖೆಯ ವಶದಲ್ಲಿದ್ದಾಗ ತೀರಿಕೊಂಡರು, ಸಿಬ್ಬಂದಿಯ ಮೇಲೆ ಪ್ರಕರಣ ದಾಖಲಾಯಿತು. ಮಿನಿಯಾಪೊಲಿಸ್‌ನಿಂದ ಕಬಿನಿ ಹಿನ್ನೀರಿನವರೆಗೆ ದಾಟಿ ಬಂದವರು ಎಷ್ಟು ಮಂದಿ?

ದಾಟುವುದೆಂದರೆ “ನಮ್ಮಲ್ಲೂ ಹೀಗೇ ಇದೆ” ಎಂದು ಕೊನೆಗೊಂದು ಪ್ಯಾರಾ ಅಂಟಿಸುವುದಲ್ಲ. ಒಳ್ಳೆಯ ಬರಹಗಾರರು ಒಂದು ವಿವರವನ್ನು ಹಿಡಿದು ದಾಟುತ್ತಾರೆ. ಅಲ್ಲಿ ಕ್ಯಾಮೆರಾ ಇತ್ತು. ಹಾಡಿಯವರನ್ನು ಜಿಂಕೆ ಮಾಂಸದ ಗುಮಾನಿಯ ಮೇಲೆ ಕರೆದೊಯ್ದರೆ ಕಾಡಿನೊಳಗೆ ಯಾರ ಕ್ಯಾಮೆರಾ ಇರುತ್ತದೆ? ಅಲ್ಲಿ ಪೊಲೀಸರಿಗೆ ಕಪ್ಪು ಮೈಬಣ್ಣವೇ ಅನುಮಾನಕ್ಕೆ ಸಾಕು. ಇಲ್ಲಿ ಜೇನುಕುರುಬರಿಗೆ ತಾತ ಮುತ್ತಾತಂದಿರು ಬಾಳಿದ ಕಾಡಿನಲ್ಲಿ ಕಾಲಿಡುವುದೇ ಅಪರಾಧವಾಗಬಹುದು. ಒಂದು ಹೋಲಿಕೆ, ಒಂದು ವ್ಯತ್ಯಾಸ. ಎರಡೂ ಒಟ್ಟಿಗೆ ಸಿಕ್ಕಿದ ಕಡೆ ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳಿ. ಟೀ ಅಂಗಡಿಯವರು ಬೈದರೆ ಬೈಯಲಿ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು ರಸಿಕರ ಹಕ್ಕು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯನ್ನು ತಳ್ಳಿಹಾಕಿತು. ಅಮೆರಿಕದಲ್ಲೇ ಮೀಸಲಾತಿ ರದ್ದಾಯಿತು, ನಮ್ಮಲ್ಲಿ ಯಾವಾಗ ಎಂದು ಬರೆದವರನ್ನು ಕಂಡರೆ ಅಲ್ಲೇ ಪುಟ ಮಗುಚಬಹುದು. ಇಷ್ಟು ಜಾಗ ಇಂಥವರಿಗೆ ಎಂದು ಎತ್ತಿಡುವ ನಮ್ಮ ಬಗೆಯ ಮೀಸಲಾತಿಗೆ ಅಲ್ಲಿನ ಕಾಲೇಜುಗಳಲ್ಲಿ 1978ರ ಬಕ್ಕೀ ತೀರ್ಪಿನಿಂದಲೇ ಅವಕಾಶವಿಲ್ಲ. ಇಲ್ಲದ್ದನ್ನು ರದ್ದು ಮಾಡುವುದು ಹೇಗೆ? ಹುಣಸೂರಿನವರಿಗಂತೂ ಈ ವ್ಯತ್ಯಾಸ ಗೊತ್ತಿರಬೇಕು. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರೇ ಮುಖ್ಯಮಂತ್ರಿಯಾಗಿ ಹಿಂದುಳಿದ ವರ್ಗಗಳ ಹಾವನೂರು ಆಯೋಗವನ್ನು ನೇಮಿಸಿದವರು. 1975ರಲ್ಲಿ ಬಂದ ಆ ವರದಿ ಜಾತಿ ಜಾತಿಯ ಸ್ಥಿತಿಗತಿಯನ್ನು ಕೂತು ಲೆಕ್ಕ ಹಾಕಿತ್ತು. ಜಾತಿಯ ಸರಕು ಈಗ ಉಲ್ಟಾ ದಾರಿಯಲ್ಲಿ ಅಲ್ಲಿಗೂ ಹೋಗಿದೆ: 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು, ಕ್ಯಾಲಿಫೋರ್ನಿಯಾ ರಾಜ್ಯದ ಅಂಥದೇ ಮಸೂದೆಗೆ ಅದೇ ಅಕ್ಟೋಬರಿನಲ್ಲಿ ಅಲ್ಲಿನ ಗವರ್ನರ್ ಸಹಿ ಹಾಕಲಿಲ್ಲ. ಇದರ ಬಗ್ಗೆ ಬರೆಯುವಾಗ ನಮ್ಮ ಕೆಲವು ದೊಡ್ಡ ಲೇಖನಿಗಳು ಇದ್ದಕ್ಕಿದ್ದಂತೆ ಮೃದುವಾದದ್ದನ್ನು ನಾನು ಗಮನಿಸಿದ್ದೇನೆ. ಅಲ್ಲಿರುವುದು ಸ್ವಂತ ಮಕ್ಕಳು, ಅಳಿಯಂದಿರು ತಾನೆ!

ಅಮೆರಿಕದ ಗಾಳಿ ಮೈಸೂರಿಗೆ ಬೀಸಿದ್ದು ಇಂಟರ್‌ನೆಟ್ಟು ಬಂದ ಮೇಲೆ ಎಂದು ತಿಳಿಯಬೇಡಿ. ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ಹಿಡಿದು 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಆ ಗಾಳಿಯ ನಡುವೆಯೇ 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಾಟೆ ಎದ್ದಿತು, ಮಂತ್ರಿಗಿರಿ ಹೋಯಿತು, ಅದರ ಕಾವಿನಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಒಂದು ಅಭಿಪ್ರಾಯ ಎಷ್ಟು ದೂರ ಓಡಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಧಾರವಾಡದಲ್ಲಿ ಶುರುವಾಗಿ ಮೈಸೂರಿಗೆ ಬಂದು ನೆಲೆನಿಂತ ರಾಜಶೇಖರ ಕೋಟಿಯವರ ‘ಆಂದೋಲನ’ದ ಪುಟಗಳನ್ನು ಓದುವಾಗ ಈ ಹಿನ್ನೆಲೆ ತಿಳಿದಿದ್ದರೆ ಅರ್ಧ ಸಂದರ್ಭ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇನ್ನು ಸಿನಿಮಾ, ಹಾಡು. ಇವುಗಳ ಮೇಲಿನ ಅಂಕಣವನ್ನು ಹಗುರವೆಂದು ಬಿಡುವುದು ದೊಡ್ಡ ನಷ್ಟ. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಪಂದ್ಯದ ನಡುವೆ ರ‍್ಯಾಪ್ ಹಾಡುಗಾರ ಕೆಂಡ್ರಿಕ್ ಲಮಾರ್ ಹಾಡಿದಾಗ, ಕುಣಿಯುತ್ತಿದ್ದ ಕಪ್ಪು ಹುಡುಗರು ಒಟ್ಟಾಗಿ ಅಮೆರಿಕದ ಬಾವುಟದಂತೆ ನಿಂತು, ಆಮೇಲೆ ಎರಡಾಗಿ ಸೀಳಿಹೋದರು. ಗ್ಯಾಲರಿಯಲ್ಲಿ ಟ್ರಂಪ್ ಕೂತಿದ್ದರು. ಅಲ್ಲಿನವರು ತಿಂಗಳುಗಟ್ಟಲೆ ಬರೆದರು. ನಮ್ಮಲ್ಲಿ 2023ರ ಕೊನೆಗೆ ದರ್ಶನ್ ಅಭಿನಯದ ‘ಕಾಟೇರ’ ಬಂತು. ಉಳುವವನೇ ಹೊಲದೊಡೆಯ ಎಂಬ ಕಾಯಿದೆಯ ಸುತ್ತ ಹೆಣೆದ ಕಥೆ; ಅಂದರೆ ಪಕ್ಕದ ತಾಲ್ಲೂಕಿನ ಅರಸರ 1974ರ ಭೂಸುಧಾರಣೆ ಸ್ಟಾರ್ ಸಿನಿಮಾವಾಗಿ ಥಿಯೇಟರಿಗೆ ಬಂದಿತ್ತು, ಜನ ಶಿಳ್ಳೆ ಹೊಡೆದರು. ಗಲ್ಲಾಪೆಟ್ಟಿಗೆಯ ಕೋಟಿ ಎಣಿಸಿದ ಬರಹ ಬಿಡಿ. ಶಿಳ್ಳೆ ಹೊಡೆದವರಲ್ಲಿ ಯಾರ ಅಜ್ಜ ಗೇಣಿ ಭೂಮಿಗಾಗಿ ಫಾರಂ ನಂಬರ್ ಏಳು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತಿದ್ದರು, ಯಾರ ಅಜ್ಜ ಭೂಮಿ ಕಳೆದುಕೊಂಡಿದ್ದರು ಎಂದು ಕೇಳಿದ ಬರಹ ಸಿಕ್ಕರೆ ಕತ್ತರಿಸಿ ಇಟ್ಟುಕೊಳ್ಳಿ.

ದನಿಯ ವಿಷಯಕ್ಕೆ ಬರೋಣ. ಟಿಎಸ್ಆರ್ ಎಂದೇ ಹೆಸರಾದ ಟಿ.ಎಸ್. ರಾಮಚಂದ್ರರಾಯರ ‘ಛೂಬಾಣ’ ಪ್ರಜಾವಾಣಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಚುಚ್ಚುವುದೂ ನಗಿಸುವುದೂ ಒಂದೇ ಸಾಲಿನಲ್ಲಿ ಆಗುತ್ತಿತ್ತು. 1980ರಲ್ಲಿ ಲಂಕೇಶರು ಪತ್ರಿಕೆ ಹೊರಡಿಸಿದರು. ಅವರ ‘ಟೀಕೆ ಟಿಪ್ಪಣಿ’ಯಲ್ಲಿ ರಾಜಕಾರಣಿಯ ಪಕ್ಕದಲ್ಲೇ ಯಾವುದೋ ಫ್ರೆಂಚ್ ಕವಿ ಕೂತಿರುತ್ತಾನೆ. ಬೈಗುಳ ಯಾವಾಗ ಬಂತು ಎನ್ನುವುದಕ್ಕಿಂತ ಯಾವಾಗ ನಿಂತಿತು ಎಂದು ಲಂಕೇಶರಲ್ಲಿ ನೋಡಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ದನಿ ನಮ್ಮ ನೆರೆಯ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರದು. ‘ಎದೆಗೆ ಬಿದ್ದ ಅಕ್ಷರ’ದ ಬರಹಗಳನ್ನು ಜೋರಾಗಿ ಓದಲು ಹೋದರೆ ಸೋಲುತ್ತೀರಿ, ಪಿಸುಮಾತಿನಲ್ಲಿ ಓದಿ. 2022ರಲ್ಲಿ ಆರ್‌ಎಸ್‌ಎಸ್ ಬಗ್ಗೆ ಅವರು ಬರೆದ ಕಿರುಪುಸ್ತಿಕೆಯನ್ನು ಹಲವು ಸಣ್ಣ ಪ್ರಕಾಶಕರು ಒಟ್ಟಿಗೇ ಅಚ್ಚುಹಾಕಿದರು. ಅಷ್ಟು ಬಿಸಿಯ ವಿಷಯಕ್ಕೂ ಅವರು ನೆಚ್ಚಿದ್ದು ಏಳು ಸಮುದ್ರದಾಚೆ ಪ್ರಾಣ ಬಚ್ಚಿಟ್ಟ ಮಾಂತ್ರಿಕನ ಅಜ್ಜಿಕಥೆಯನ್ನು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ಆ ಕಥೆಯನ್ನು ಎಲ್ಲಿ ಹೊಗಿಸಿದ್ದಾರೆ ಎಂಬುದನ್ನು ತಪ್ಪದೆ ನೋಡಿ.

ಒಪ್ಪದವರನ್ನೂ ಓದಬೇಕು, ಅದೂ ಜೋಡಿಯಾಗಿ. 2006ರಲ್ಲಿ ಟಿಪ್ಪುವಿನ ಬಗ್ಗೆ ವಿಜಯ ಕರ್ನಾಟಕದಲ್ಲಿ ಗಿರೀಶ ಕಾರ್ನಾಡ ಮತ್ತು ಎಸ್.ಎಲ್. ಭೈರಪ್ಪ ಎದುರುಬದುರಾದಾಗ ಒಬ್ಬರನ್ನೇ ಓದಿದವರಿಗೆ ಅರ್ಧ ಕಛೇರಿ ಕೇಳಿದ ಹಾಗಾಯಿತು. ಪಕ್ಷ ಕಟ್ಟಿಕೊಂಡು ಓದುವವರಿಗೆ ಕೋಪ ಬರುತ್ತದೆ, ಬರಲಿ. ಯಾರು ಎದುರಾಳಿಯ ಮಾತನ್ನು ಸರಿಯಾಗಿ ಎತ್ತಿ ಹೇಳಿ ಆಮೇಲೆ ಹೊಡೆದರು, ಯಾರು ಎದುರಾಳಿ ಆಡದ ಮಾತಿಗೆ ಹೊಡೆದರು ಎಂದು ಗುರುತು ಹಾಕಿಕೊಳ್ಳಿ.

ಬರೆದದ್ದಕ್ಕೆ ಬೆಲೆಯೂ ಇದೆ, ಬಹುಮಾನವೂ ಇದೆ. ಲಂಕೇಶರು ಜಾಹೀರಾತು ಮುಟ್ಟದೆ ಪತ್ರಿಕೆ ನಡೆಸಿದರು. ಅವರ ಮಗಳು ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ‘ಬೆತ್ತಲೆ ಜಗತ್ತು’ ಅಂಕಣದಿಂದ ಮನೆಮಾತಾದ ಪ್ರತಾಪ ಸಿಂಹ 2014 ಮತ್ತು 2019ರಲ್ಲಿ ಮೈಸೂರು-ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಹೋದರು. ಹುಣಸೂರು, ಪಿರಿಯಾಪಟ್ಟಣದವರು ಒಬ್ಬ ಅಂಕಣಕಾರರಿಗೆ ವೋಟು ಹಾಕುವುದೋ ಬೇಡವೋ ಎಂದು ಎರಡು ಸಲ ಯೋಚಿಸಿದ್ದಾರೆ. ಕೋಟೆ, ಸರಗೂರಿನವರ ಮತ ಚಾಮರಾಜನಗರಕ್ಕೆ. ನಮಗೆ ಆ ಭಾಗ್ಯ ಬರಲಿಲ್ಲ.

ಈಗ ಅಂಕಣಗಳು ಹೆಚ್ಚಾಗಿ ವಾಟ್ಸಪ್ಪಿನಲ್ಲಿ ಬರುತ್ತವೆ, ಬರೆದವರ ಹೆಸರು ಕತ್ತರಿಸಿಹೋಗಿರುತ್ತದೆ. ಹೆಸರಿಲ್ಲದ್ದನ್ನು ಓದಬೇಡಿ, ನಿಂತ ಜಾಗ ತಿಳಿಯದ ಮೇಲೆ ಮಿಕ್ಕ ಪಾಠವೆಲ್ಲ ದಂಡ. ಅದರ ಬದಲು ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆಯ ಕಟ್ಟು ಬಿಚ್ಚಿಸಿ. 2016ರ ನವೆಂಬರ್ ಮೊದಲ ವಾರದ ಪುಟಗಳು ಸಿಕ್ಕರೆ ಅದೃಷ್ಟ: ಹಿಲರಿ ಕ್ಲಿಂಟನ್ ಗೆದ್ದೇ ಗೆಲ್ಲುತ್ತಾರೆಂದು ನಂಬಿದವರು ಆಗ ಜಗತ್ತಿನ ತುಂಬ ಇದ್ದರು. ಭವಿಷ್ಯ ನುಡಿದ ಸಾಲುಗಳನ್ನೆಲ್ಲ ಹೊಡೆದುಹಾಕುತ್ತಾ ಬನ್ನಿ. ಕೆಲವು ಅಂಕಣಗಳಲ್ಲಿ ಶೀರ್ಷಿಕೆ ಮಾತ್ರ ಉಳಿಯುತ್ತದೆ. ಕೆಲವರದು ಎರಡು ಪ್ಯಾರಾದಷ್ಟು ಉಳಿದಿರುತ್ತದೆ, ಕಾರ್ಖಾನೆ ಮುಚ್ಚಿದ ಊರುಗಳ ಬಗ್ಗೆಯೋ, ಕೆಲಸ ಕಳೆದುಕೊಂಡವರ ಸಿಟ್ಟಿನ ಬಗ್ಗೆಯೋ. ಆ ಹೆಸರುಗಳನ್ನು ಬರೆದಿಟ್ಟುಕೊಂಡು ಅವರ ಮುಂದಿನ ವಾರದ ಅಂಕಣ ಹುಡುಕಿ.